ಸಿಂಪಿಗ ಪಕ್ಷಿಯ ದರ್ಶನ

ಪಕ್ಷಿವೀಕ್ಷಣೆಗೆ ದೂರದ ಅರಣ್ಯಕ್ಕೇ ಹೋಗಬೇಕೆಂಬ ಭಾವನೆ ಹಲವರಲ್ಲಿದೆ. ಆದರೆ ಶಾಲೆಯ ಕೈತೋಟದ ದಾಸವಾಳದ ಪೊದೆಯಲ್ಲಿಯೂ ಒಬ್ಬ ಕುಶಲಕರ್ಮಿ ವಾಸಿಸುತ್ತಿರಬಹುದು. ಅದೇ ಸಿಂಪಿಗ ಪಕ್ಷಿ. ಅದರ ಕೂಗನ್ನನುಸರಿಸಿ ಟುವ್ವಿಹಕ್ಕಿಯೆಂದೂ ಕರೆಯುವರು.

ಇದನ್ನು ಕಾಣಬೇಕಾದರೆ ಕಣ್ಣಿಗಿಂತ ಮೊದಲು ಕಿವಿ ಎಚ್ಚತ್ತಿರಬೇಕು. ಉದ್ದ ಸುಮಾರು 13 ಸೆಂಟಿಮೀಟರು, ತೂಕ 10 ಗ್ರಾಮಿನೊಳಗೆ. ಆದರೆ 'ಟುವ್ವೀ ಟುವ್ವೀ' ಎಂಬ ಧ್ವನಿ ಅಂಗಳವನ್ನೆಲ್ಲ ತುಂಬುವುದು. ಧ್ವನಿ ಬಂದ ಕಡೆಗೆ ಧಾವಿಸದೆ, ತುಸು ದೂರದಲ್ಲಿ ನಿಶ್ಚಲವಾಗಿ ನಿಲ್ಲಬೇಕು. ಸ್ವಲ್ಪ ಹೊತ್ತಿನಲ್ಲಿ ತುಕ್ಕುಗೆಂಪು ನೆತ್ತಿ, ಹಸುರು ಬೆನ್ನು, ಬಿಳಿಯ ಹೊಟ್ಟೆ, ನೆಟ್ಟಗೆ ನಿಮಿರಿದ ಬಾಲದ ಪುಟ್ಟ ಹಕ್ಕಿ ಎಲೆಗಳ ನಡುವೆ ಕುಪ್ಪಳಿಸುತ್ತ, ಕಂಬಳಿಹುಳು ಮೊದಲಾದ ಕೀಟಗಳನ್ನು ಹೆಕ್ಕುವುದು ಕಾಣಿಸುವುದು. ಸಂತಾನಕಾಲದಲ್ಲಿ ಗಂಡಿನ ಬಾಲದ ನಡುವಣ ಎರಡು ಗರಿಗಳು ನೀಳವಾಗಿ ಬೆಳೆಯುತ್ತವೆ.

ಇದರ ಗೂಡು ಕಣ್ಣಿಗೆ ಬೀಳುವುದು ಇನ್ನೂ ಕಷ್ಟ. ಜೀವಂತವಾದ ಅಗಲ ಎಲೆಯ ಅಂಚುಗಳಲ್ಲಿ ಕೊಕ್ಕಿನಿಂದ ರಂಧ್ರಗಳನ್ನು ಮಾಡಿ, ನಾರು, ಹತ್ತಿ, ಜೇಡರ ಬಲೆಯ ಎಳೆಗಳನ್ನು ತೂರಿಸಿ, ಹೆಣ್ಣುಹಕ್ಕಿ ಎಲೆಯನ್ನು ಚೀಲದಂತೆ ಹೊಲಿಯುತ್ತದೆ. ಎಲೆ ಗಿಡದಲ್ಲಿಯೇ ಹಸುರಾಗಿ ಉಳಿಯುವುದರಿಂದ ಗೂಡು ಉಳಿದ ಎಲೆಗಳೊಡನೆ ಬೆರೆತುಹೋಗುತ್ತದೆ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಗಳು ಇದ್ದರಷ್ಟೆ. ಸೂಜಿಯಿಲ್ಲದ ಈ ಹೊಲಿಗೆಯನ್ನು ನೋಡಿದಾಗ ನನಗೆ ಅವರ ಕಾಯಕವೇ ನೆನಪಾಗುತ್ತದೆ.

ಈ ಮರೆಯೇ ಒಮ್ಮೊಮ್ಮೆ ಹಕ್ಕಿಗೆ ಮುಳುವಾಗುವುದುಂಟು. ಅನೇಕ ವರ್ಷ ತರಗತಿಯಲ್ಲಿ ಇದರ ಕೌಶಲವನ್ನು ವರ್ಣಿಸಿದ ನಾನೇ, ಒಂದು ಮಳೆಗಾಲದಲ್ಲಿ ಸಮಾರಂಭದ ಸಿದ್ಧತೆಗೆಂದು ವಿದ್ಯಾರ್ಥಿಗಳಿಂದ ಬೇಲಿಯ ಗಿಡಗಳನ್ನು ಕತ್ತರಿಸಿದೆನು. ಕೆಳಗೆ ಬಿದ್ದ ಹೊಲಿದ ಎಲೆಯೊಳಗೆ ಮೂರು ಮೊಟ್ಟೆಗಳು ಒಡೆದಿದ್ದವು. ತಾಯಿಹಕ್ಕಿ ಸಂಜೆಯವರೆಗೂ ಬರಿದಾದ ಬೇಲಿಯ ಮೇಲೆ ಕೂಗುತ್ತಲೇ ಇತ್ತು. ಬಾಯಿಪಾಠವಾಗಿದ್ದುದು ಕಣ್ಣಿಗೆ ಪಾಠವಾಗಿರಲಿಲ್ಲವೆಂಬುದು ಅಂದು ನನಗೆ ಅರಿವಾಯಿತು.

ಮೊಟ್ಟೆಗೆ ಕಾವು ಕೊಡಲು ಸುಮಾರು 12 ದಿನ, ಮರಿಗಳು ಹಾರಲು ಮತ್ತೆ ಸುಮಾರು 14 ದಿನ ಬೇಕು. ಒಂದು ತಿಂಗಳ ತಾಳ್ಮೆ ಒಂದು ಸಂಸಾರವನ್ನು ಉಳಿಸಬಲ್ಲದು. ಆದುದರಿಂದ ಮಳೆಗಾಲದಲ್ಲಿ ಗಿಡಗಳಿಗೆ ಕತ್ತರಿ ಹಾಕುವ ಮುನ್ನ ಮಕ್ಕಳೊಡನೆ ನಿಂತು, ಕಿವಿಗೊಟ್ಟು, ಎಲೆಗಳನ್ನು ಮುಟ್ಟದೆ ನೋಡಬೇಕೆಂದು ಅಧ್ಯಾಪಕ ಮಿತ್ರರಲ್ಲಿಯೂ, ಶಾಲೆಯ ಅಂಗಳವನ್ನು ಅಂದಗೊಳಿಸಬಯಸುವ ದಾನಿಗಳಲ್ಲಿಯೂ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.