ಇಂಗ್ಲಿಷು ಪದಗಳ ಕೊನೆಯ ಉಕಾರ



ಕೆಂಗೇರಿಯಲ್ಲಾಗಲಿ ವಿಜಯನಗರದಲ್ಲಾಗಲಿ ಬಸ್ಸು ನಿಲ್ಲುವೆಡೆಯಲ್ಲಿ ನಿಂತು ಕಿವಿಗೊಟ್ಟರೆ ಬಸ್ಸು, ಸೀಟು, ರೋಡು ಎಂಬ ಮಾತುಗಳು ಎಡೆಬಿಡದೆ ಕೇಳಿಬರುತ್ತವೆ. ಇಂಗ್ಲಿಷಿನಲ್ಲಿ ಇವು ವ್ಯಂಜನದಲ್ಲಿ ಮುಗಿಯುವ ಪದಗಳು. ನಮ್ಮ ಬಾಯಲ್ಲಿ ಉಕಾರಾಂತಗಳು. ಮಗುವು ‘ಬಸ್ಸು’ ಎಂದೊಡನೆ ‘ಬಸ್ ಎನ್ನು’ ಎಂದು ತಿದ್ದುವ ಮನೆಗಳುಂಟು; ಹಳ್ಳಿಯಿಂದ ಬಂದವರು ಹಾಗೆ ನುಡಿದರೆ ನಗುವವರೂ ಉಂಟು. ಆ ನಗೆಗೆ ವ್ಯಾಕರಣದ ಆಧಾರವಿಲ್ಲವೆಂಬುದನ್ನು ಈ ಹೊತ್ತು ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇನೆ.

ಹಳಗನ್ನಡದಲ್ಲಿ ವ್ಯಂಜನಾಂತ ಪದಗಳು ಹೇರಳವಾಗಿದ್ದುವು: ಕಣ್, ಕಲ್, ಪಾಲ್, ನೀರ್, ಪೆಸರ್. 13ನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಬಣ್ಣಿಸಿದ ಕನ್ನಡವು ಇಂಥದು. ಕಾಲಕ್ರಮದಲ್ಲಿ ಇವೇ ಕಣ್ಣು, ಕಲ್ಲು, ಹಾಲು, ನೀರು, ಹೆಸರು ಎಂದಾದುವು. ಸ್ವಲ್ಪ ಗಮನಿಸಿರಿ. ಒಂದೇ ಅಕ್ಷರವಾಗಿ ಉಚ್ಚರಿಸುವ ಪದದಲ್ಲಿ ಸ್ವರವು ಹ್ರಸ್ವವಾಗಿದ್ದರೆ ಕೊನೆಯ ವ್ಯಂಜನವು ಇಮ್ಮಡಿಯಾಗುತ್ತದೆ, ದೀರ್ಘವಾಗಿದ್ದರೆ ಇಲ್ಲ, ಪೆಸರ್ ಎಂಬಂತೆ ಎರಡಕ್ಷರದ್ದಾದರೂ ಇಲ್ಲ. ಇಂಗ್ಲಿಷು ಪದಗಳನ್ನು ಇದೇ ಒರೆಗೆ ಹಚ್ಚೋಣ. ಕಣ್ಣಿನಂತೆ ಬಸ್ಸು, ಪೆನ್ನು, ಕಪ್ಪು. ಹಾಲಿನಂತೆ ಕಾರು, ರೋಡು, ಸೀಟು. ಹೆಸರಿನಂತೆ ಡ್ರೈವರು, ಪೇಪರು. ಯಾರೂ ಕಲಿಸದೆಯೇ ನಾಲಗೆಯು ಹಳೆಯ ನಿಯಮವನ್ನು ನಡೆಸಿಕೊಂಡು ಬಂದಿದೆ. (ಹೋಟೆಲಿನಲ್ಲಿ ‘ಒಂದು ಕಪ್ಪು ಕಾಫಿ’ ಎಂದು ಕೇಳಿದವರಿಗೆ ಹಾಲಿಲ್ಲದ ಕಾಫಿ ಬಂದರೆ ಅದು ನಿಯಮದ ದೋಷವಲ್ಲ!) ಬಕೆಟ್ಟು, ಮಾರ್ಕೆಟ್ಟು ಎಂಬಲ್ಲಿ ಮಾತ್ರ ನಿಯಮವು ಸಡಿಲುತ್ತದೆ. ಹಳಗನ್ನಡದಲ್ಲಿ ಟಕಾರಾಂತ ನಾಮಪದಗಳಿಲ್ಲದ್ದರಿಂದ ಇಲ್ಲಿ ನಾಲಗೆ ತನ್ನದೇ ದಾರಿ ಹಿಡಿದಂತೆ ತೋರುತ್ತದೆ.

ಈ ಉಕಾರಕ್ಕೆ ತನ್ನದಾದ ಅರ್ಥವಿಲ್ಲ, ಕೆಲಸವುಂಟು. ವಿಭಕ್ತಿ ಬಂದೊಡನೆ ಅದು ಲೋಪವಾಗಿ ಎಡೆಗೊಡುತ್ತದೆ: ಬಸ್ಸನ್ನು, ಬಸ್ಸಿಗೆ, ಬಸ್ಸಿನಲ್ಲಿ. ‘ಬಸ್’ ಎಂದೇ ಹಟ ಹಿಡಿಯುವವರೂ ‘ಬಸ್ಸಲ್ಲಿ ಬಂದೆ’ ಎನ್ನುತ್ತಾರೆ.

ಅರ್ಥವುಳ್ಳ ಇಂಗ್ಲಿಷು ಪ್ರತ್ಯಯಗಳ ಗತಿ ಬೇರೆ. ‘ಡ್ರೈವರ್’ ಎಂಬುದರ ಕೊನೆಯ ‘ಅರ್’ ಮಾಡುವವನೆಂಬ ಅರ್ಥದ್ದು, ನಮ್ಮ ಹಾಡುಗಾರನ ‘ಗಾರ’ದಂತೆ. ಆದರೆ ‘ಡ್ರೈವರು ಬಂದರು’ ಎಂದಾಗ ಅದು ನಮ್ಮ ಗೌರವದ ‘ಅರು’ವಿನೊಡನೆ ಬೆರೆತುಹೋಗುತ್ತದೆ. ಬಹುತ್ವದ ಸಕಾರವಂತೂ ಪೂರ್ತಿ ಮೂಕವಾಗಿದೆ: ‘ಒಂದು ಶೂಸು ಇಲ್ಲಿದೆ, ಇನ್ನೊಂದೆಲ್ಲಿ?’ ಎನ್ನುತ್ತೇವೆ, ಹಲವಾದರೆ ಶೂಸುಗಳು.

2021ರಲ್ಲಿ ಕೆಂಗೇರಿಯವರೆಗೆ ಬಂದ ಮೆಟ್ರೋ ಹುಟ್ಟಿನಿಂದಲೇ ಸ್ವರಾಂತವಾದುದರಿಂದ ಅದಕ್ಕೆ ಉಕಾರದ ಹಂಗಿಲ್ಲ. ವಿಭಕ್ತಿಯ ಮಾತು ಬೇರೆ. ಒಬ್ಬರು ‘ಮೆಟ್ರೋದಲ್ಲಿ’ ಎನ್ನುತ್ತಾರೆ, ಪಕ್ಕದಲ್ಲಿ ಕುಳಿತವರು ‘ಮೆಟ್ರೋನಲ್ಲಿ’ ಎನ್ನುತ್ತಾರೆ; ಜನರ ನಾಲಗೆ ಇನ್ನೂ ತೀರ್ಪು ಕೊಟ್ಟಿಲ್ಲ.