ಊಟ ಬಲ್ಲವನೂ ಮಾತು ಬಲ್ಲವನೂ
(ದಿನಚರ್ಯೆ ಮತ್ತು ಮನಃಸ್ವಾಸ್ಥ್ಯವನ್ನು ಕುರಿತ ಕೆಲವು ವಿಚಾರಗಳು)

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಇದರ ಪೂರ್ವಾರ್ಧವನ್ನು ವೈದ್ಯರೂ ಉತ್ತರಾರ್ಧವನ್ನು ಉಪಾಧ್ಯಾಯರೂ ಬೇರೆಬೇರೆಯಾಗಿ ಬಳಸುವುದುಂಟು. ಆದರೆ ಇದನ್ನು ಕಟ್ಟಿದ ಹಿರಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ಬಾಯಿಯ ಒಳಕ್ಕೆ ಹೋಗುವುದನ್ನು ಅರಿತರೆ ದೇಹಕ್ಕೆ ಕ್ಷೇಮ. ಬಾಯಿಯಿಂದ ಹೊರಕ್ಕೆ ಬರುವುದನ್ನು ಅರಿತರೆ ಮನಸ್ಸಿಗೆ ಕ್ಷೇಮ. ಎರಡಕ್ಕೂ ಬಾಗಿಲು ಒಂದೇ, ಬೇಕಾದ ಅರಿವೂ ಒಂದೇ. ಈ ಅರಿವು ಒಮ್ಮೆ ಕಲಿತು ಬಿಡುವಂಥದಲ್ಲ. ದಿನದಿನವೂ ಆಚರಿಸಿ ಅಭ್ಯಾಸ ಮಾಡಿಕೊಳ್ಳಬೇಕಾದದ್ದು.

ಸ್ವಾಸ್ಥ್ಯವೆಂದರೇನು?

‘ಸ್ವಸ್ಥ’ ಎಂಬ ಶಬ್ದಕ್ಕೆ ‘ತನ್ನಲ್ಲಿ ತಾನು ನೆಲೆನಿಂತವನು’ ಎಂದು ಅರ್ಥ. ಸುಶ್ರುತನು ಸ್ವಸ್ಥನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತು, ಮಲಗಳ ಸಮತೆಯನ್ನು ಹೇಳಿ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸುತ್ತಾನೆ. ಗಟ್ಟಿಮುಟ್ಟಾದ ದೇಹವಿದ್ದು ಮನಸ್ಸು ಕುದಿಯುತ್ತಿದ್ದರೆ ಅಂಥವನು ಅವನ ಲೆಕ್ಕದಲ್ಲಿ ಸ್ವಸ್ಥನಲ್ಲ. ೧೯೪೮ರ ಏಪ್ರಿಲ್ ೭ರಂದು ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವೂ ರೋಗವಿಲ್ಲದಿರುವುದಷ್ಟೇ ಆರೋಗ್ಯವಲ್ಲವೆಂದು ಸಾರಿ, ದೈಹಿಕ, ಮಾನಸಿಕ, ಸಾಮಾಜಿಕ ಕ್ಷೇಮಗಳನ್ನು ಒಟ್ಟಿಗೆ ಇರಿಸಿತು.

ಕನ್ನಡ ನುಡಿಗೂ ಈ ವಿಷಯ ಹೊಸತಲ್ಲ. ಚಾವುಂಡರಾಯನ ‘ಲೋಕೋಪಕಾರ’, ಜಗದ್ದಳ ಸೋಮನಾಥನ ‘ಕರ್ನಾಟಕ ಕಲ್ಯಾಣಕಾರಕ’, ಮಂಗರಾಜನ ‘ಖಗೇಂದ್ರಮಣಿದರ್ಪಣ’, ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಇವೆಲ್ಲ ಕಾವ್ಯಗಳ ನಾಡಿನಲ್ಲೇ ಹುಟ್ಟಿದ ಶಾಸ್ತ್ರಗ್ರಂಥಗಳು. ಮದ್ದು, ವಿಷ, ಅಡುಗೆ ಇವು ಪದ್ಯಕ್ಕೆ ಅಯೋಗ್ಯವೆಂದು ಆ ಕವಿಗಳು ಭಾವಿಸಲಿಲ್ಲ. ಜನರ ಬದುಕಿಗೆ ಬೇಕಾದ ಅರಿವನ್ನು ಜನರ ನುಡಿಯಲ್ಲೇ ಕೊಡಬೇಕೆಂಬುದು ಅವರ ಸಂಕಲ್ಪವಾಗಿತ್ತು.

ನಗರದ ದಕ್ಷಿಣ ಭಾಗ

ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿದ ವರ್ಷದಲ್ಲಿಯೇ, ೧೯೪೮ರ ಆಗಸ್ಟ್ ೨೦ರಂದು, ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿಯವರಿಂದ ಬೆಂಗಳೂರಿನ ಜಯನಗರಕ್ಕೆ ಅಸ್ತಿವಾರವಾಯಿತು. ಅಗಲವಾದ ರಸ್ತೆಗಳು, ಸಾಲುಮರಗಳು, ಬ್ಲಾಕಿಗೊಂದೊಂದು ಉದ್ಯಾನ ಇವು ಈ ಬಡಾವಣೆಯ ಹೆಸರನ್ನು ಹೆಚ್ಚಿಸಿದವು. ಮುಂದೆ ಬನಶಂಕರಿ, ಜೆ.ಪಿ. ನಗರಗಳು ಬೆಳೆದವು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳಿಂದ ಬಿ.ಟಿ.ಎಂ. ಬಡಾವಣೆಯಾಯಿತು. ಬಡಾವಣೆಗಳು ಹೊಸವಾದರೂ ಅವುಗಳ ನಡುವೆ ಯಡಿಯೂರು, ಸಾರಕ್ಕಿ, ಮಡಿವಾಳದ ಹಳೆಯ ಕೆರೆಗಳು ಉಳಿದಿವೆ. ಜೆ.ಪಿ. ನಗರ ಏಳನೆಯ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೇ ೨೦೧೦ರಲ್ಲಿ ಒಂದು ಟ್ರಸ್ಟ್ ಕಟ್ಟಿಕೊಂಡು ಕಾಪಾಡಿದರು. ಉತ್ತರಕ್ಕೆ ೨೪೦ ಎಕರೆಯ ಲಾಲ್‌ಬಾಗ್ ಇದೆ. ದೇಹಕ್ಕೆ ನಡಿಗೆ, ಕಣ್ಣಿಗೆ ಹಸಿರು, ಮನಸ್ಸಿಗೆ ವಿಶ್ರಾಂತಿ ಬೇಕೆನ್ನುವವರಿಗೆ ಈ ಭಾಗದಲ್ಲಿ ಅನುಕೂಲವಿಲ್ಲವೆನ್ನುವಂತಿಲ್ಲ. ಅನುಕೂಲವಿದ್ದೂ ಅಭ್ಯಾಸವಿಲ್ಲದಿರುವುದೇ ಚಿಂತೆಯ ವಿಷಯ.

ಏಳುವುದು, ಮಲಗುವುದು

ವಾಗ್ಭಟನ ‘ಅಷ್ಟಾಂಗಹೃದಯ’ದ ಎರಡನೆಯ ಅಧ್ಯಾಯಕ್ಕೆ ‘ದಿನಚರ್ಯಾ’ ಎಂದೇ ಹೆಸರು. ಬೆಳಗಿನ ಜಾವದಲ್ಲಿ ಏಳುವುದರಿಂದ ಅದು ಪ್ರಾರಂಭವಾಗುತ್ತದೆ. ಆದರೆ ಬೇಗ ಏಳಬೇಕೆಂಬ ಉಪದೇಶದ ಬೆನ್ನಿಗೆ ಬೇಗ ಮಲಗಬೇಕೆಂಬ ಮಾತು ಅಡಗಿದೆ. ಅದನ್ನು ಮರೆತವರೇ ಹೆಚ್ಚು. ಪ್ರಸಾದನಿಲಯಗಳಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳು ಬೆಳಗಿನ ಗಂಟೆಯನ್ನು ಸ್ಮರಿಸುವುದುಂಟು. ರಾತ್ರಿ ದೀಪ ಆರಿಸುವ ಗಂಟೆಯೂ ಇತ್ತೆಂಬುದನ್ನು ಅವರು ಅದರೊಡನೆ ಸ್ಮರಿಸಬೇಕು. ಹದಿಹರೆಯದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆಗಳ ನಿದ್ದೆ ಅಗತ್ಯವೆಂಬುದು ತಜ್ಞರ ಅಭಿಪ್ರಾಯ. ಪರೀಕ್ಷೆಯ ಕಾಲದಲ್ಲಿ ನಿದ್ದೆಗೆಟ್ಟು ಓದುವ ಮಗುವನ್ನು ಹೊಗಳುವ ವಾಡಿಕೆ ಮನೆಮನೆಯಲ್ಲಿದೆ. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ದೆಯಲ್ಲಿಯೇ ಎಂಬುದನ್ನು ಅರಿತರೆ ಈ ಹೊಗಳಿಕೆ ನಿಂತುಹೋದೀತು.

ಮೊಬೈಲ್ ಫೋನು ಇಂದು ಹಾಸಿಗೆಯವರೆಗೂ ಬಂದಿದೆ. ಅದರ ಅತಿಬಳಕೆಯಿಂದ ತೊಂದರೆಗೊಳಗಾದವರಿಗೆಂದೇ ನಿಮ್ಹಾನ್ಸ್ ಸಂಸ್ಥೆಯು ೨೦೧೪ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಬೇಕಾಯಿತು. ಮಲಗುವ ಕೋಣೆಯ ಹೊರಗೆ ಫೋನನ್ನು ಇರಿಸುವ ಒಂದು ಸಣ್ಣ ನಿಯಮವನ್ನು ಮೊದಲು ತಂದೆತಾಯಿಗಳು ಪಾಲಿಸಿದರೆ ಮಕ್ಕಳು ತಾವಾಗಿ ಪಾಲಿಸುತ್ತಾರೆ.

ನಡಿಗೆ ಮತ್ತು ಊಟ

ವ್ಯಾಯಾಮವನ್ನು ಬಲಶಾಲಿಯೂ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡತಕ್ಕದ್ದೆಂಬುದು ಪ್ರಾಚೀನ ವೈದ್ಯರ ಮತ. ಹಣೆಯಲ್ಲಿ ಬೆವರು ಮೂಡಿ ಬಾಯಿ ಒಣಗತೊಡಗಿದರೆ ಅರ್ಧ ಶಕ್ತಿ ವ್ಯಯವಾಯಿತೆಂದು ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ ೧೫೦ ನಿಮಿಷಗಳ ಮಧ್ಯಮ ಶ್ರಮವನ್ನೂ ಮಕ್ಕಳಿಗೆ ಪ್ರತಿದಿನ ಸರಾಸರಿ ೬೦ ನಿಮಿಷಗಳ ಶ್ರಮವನ್ನೂ ವಿಧಿಸಿದೆ. ಅಂದರೆ ದೊಡ್ಡವರಿಗೆ ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆಯ ಬಿರುನಡಿಗೆ ಸಾಕು. ಮಕ್ಕಳಿಗಾದರೋ ಆಟದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಕಡ ಕೊಡುವ ರೂಢಿ ನಿಲ್ಲಬೇಕು. ಆ ಕಡವನ್ನು ತೀರಿಸಿದ ಶಾಲೆ ವಿರಳ.

ಊಟದ ವಿಷಯದಲ್ಲಿ ವಾಗ್ಭಟನ ಅಳತೆ ಸುಲಭವಾದದ್ದು: ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ನೀರಿಗೆ, ಉಳಿದ ಒಂದು ಪಾಲು ಗಾಳಿಯ ಸಂಚಾರಕ್ಕೆ. ಏನನ್ನು ಉಣ್ಣಬೇಕೆಂಬುದಕ್ಕೆ ದೂರ ಹೋಗಬೇಕಾದ್ದಿಲ್ಲ. ಬೆಂಗಳೂರು, ಕೋಲಾರ, ತುಮಕೂರು ಸೀಮೆಯ ಒಕ್ಕಲಿನ ಮನೆಗಳಲ್ಲಿ ತಲೆತಲಾಂತರದಿಂದ ಬಂದ ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆಕಾಳು, ಮಜ್ಜಿಗೆ ಇವುಗಳಲ್ಲಿ ದೇಹಕ್ಕೆ ಬೇಕಾದದ್ದು ಬಹುಮಟ್ಟಿಗೆ ಇದೆ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮಿಕ್ಕಿದ ಸುಣ್ಣದ ಅಂಶವಿದ್ದು, ಅಕ್ಕಿಯಾಗಲಿ ಗೋಧಿಯಾಗಲಿ ಅದರ ಹತ್ತಿರಕ್ಕೂ ಬರಲಾರದು. ಒಂದು ಕಾಲಕ್ಕೆ ಬಡವರ ಅನ್ನವೆನಿಸಿದ್ದ ಸಿರಿಧಾನ್ಯಗಳಿಗೆ ವಿಶ್ವಸಂಸ್ಥೆಯು ೨೦೨೩ನೆಯ ಇಸವಿಯನ್ನೇ ಮೀಸಲಿಟ್ಟಿತು. ಉಪ್ಪು ಮಾತ್ರ ದಿನಕ್ಕೆ ಐದು ಗ್ರಾಂಗಿಂತ, ಎಂದರೆ ಒಂದು ಟೀ ಚಮಚಕ್ಕಿಂತ, ಕಡಿಮೆಯಿರಬೇಕು. ಉಪ್ಪಿನಕಾಯಿ, ಹಪ್ಪಳ, ಚಿಪ್ಸುಗಳನ್ನು ಮೆಚ್ಚುವವರು ಇದನ್ನು ನೆನಪಿಡತಕ್ಕದ್ದು.

ತಡೆಯಬಾರದ ವೇಗಗಳು

ಇಷ್ಟು ವಿಷಯಗಳು ಹಲವರಿಗೆ ತಿಳಿದವೇ. ತಿಳಿದಿದ್ದರೂ ಗಮನಕ್ಕೆ ಬಾರದ ಒಂದು ವಿಚಾರ ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿದೆ. ಅದು ‘ವೇಗ’ಗಳ ವಿಚಾರ. ಇಲ್ಲಿ ವೇಗವೆಂದರೆ ಓಟವಲ್ಲ, ಒಳಗಿನಿಂದ ಒತ್ತಿಕೊಂಡು ಬರುವ ಪ್ರವೃತ್ತಿ. ಕನ್ನಡದಲ್ಲಿ ಬಳಕೆಯಾಗುವ ‘ಆವೇಗ’, ‘ಉದ್ವೇಗ’ ಶಬ್ದಗಳಲ್ಲಿ ಈ ಅರ್ಥದ ನೆರಳು ಉಳಿದಿದೆ. ಚರಕನು ವೇಗಗಳನ್ನು ಎರಡಾಗಿ ವಿಭಾಗಿಸುತ್ತಾನೆ: ತಡೆಯಬಾರದವು, ತಡೆಯಬೇಕಾದವು.

ತಡೆಯಬಾರದವು ಹದಿಮೂರು. ಮಲಮೂತ್ರಗಳು, ಹಸಿವು, ಬಾಯಾರಿಕೆ, ಸೀನು, ಆಕಳಿಕೆ, ನಿದ್ದೆ, ದಣಿದಾಗಿನ ಏದುಸಿರು ಮೊದಲಾದವು ಈ ಪಟ್ಟಿಯಲ್ಲಿವೆ. ಓದಿದೊಡನೆ ಇದು ಅತಿ ಸಾಮಾನ್ಯವೆನಿಸಬಹುದು. ಆದರೆ ಯಾವುದೇ ಊರಿನ ಶಾಲೆಯನ್ನು ಕಣ್ತೆರೆದು ನೋಡಿದವರಿಗೆ ಇದರ ಗಾಂಭೀರ್ಯ ತಿಳಿಯುತ್ತದೆ. ಶೌಚಾಲಯ ಶುಚಿಯಾಗಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದ ವಿದ್ಯಾರ್ಥಿನಿಯರಿದ್ದಾರೆ. ಒಂದರ ಬೆನ್ನಿಗೊಂದು ಪಾಠವಿರುವುದರಿಂದ ತಡೆದುಕೊಂಡೇ ನಿಲ್ಲುವ ಉಪಾಧ್ಯಾಯಿನಿಯರಿದ್ದಾರೆ. ಇದರ ಫಲವಾಗಿ ಮೂತ್ರದ ಸೋಂಕು, ಮಲಬದ್ಧತೆ, ತಲೆನೋವುಗಳು ಬರುತ್ತವೆಂದು ವೈದ್ಯರು ಎಚ್ಚರಿಸುತ್ತಾರೆ. ೨೦೧೯ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳಿಗೆ ನೀರು ಕುಡಿಯಲೆಂದೇ ಗಂಟೆ ಹೊಡೆಯುವ ಕ್ರಮ ಬಂದಾಗ ಕರ್ನಾಟಕವೂ ಅದನ್ನು ಮೆಚ್ಚಿ ಅನುಸರಿಸಿತು. ಗಂಟೆಯೊಂದೇ ಸಾಲದು; ಶುಚಿಯಾದ ಶೌಚಾಲಯವೂ, ಅದಕ್ಕೆ ನಿತ್ಯವೂ ನೀರೂ ಬೇಕು. ವಿದ್ಯಾಸಂಸ್ಥೆಗಳಿಗೆ ಕೊಡುಗೆ ನೀಡುವ ಮಹನೀಯರು ಸಭಾಂಗಣ, ಕಮಾನುಗಳಿಗೆ ತಮ್ಮ ಹೆಸರನ್ನು ಕೊಡುತ್ತಾರೆ. ಶೌಚಾಲಯದ ಮೇಲೆ ಹೆಸರು ಕೆತ್ತಿಸಲು ಯಾರೂ ಮುಂದಾಗುವುದಿಲ್ಲ. ಆದರೆ ಮಕ್ಕಳ ಆರೋಗ್ಯಕ್ಕೆ ಅದಕ್ಕಿಂತ ದೊಡ್ಡ ದಾನವಿಲ್ಲ.

ಈ ಹದಿಮೂರರಲ್ಲಿ ಕಣ್ಣೀರೂ ಒಂದೆಂಬುದು ಗಮನಾರ್ಹ. ಕಣ್ಣೀರನ್ನು ತಡೆದವನಿಗೆ ನೆಗಡಿ, ಕಣ್ಣಿನ ರೋಗ, ಹೃದಯದ ಬಾಧೆ, ಅರುಚಿ, ತಲೆಸುತ್ತು ಉಂಟಾಗುತ್ತವೆನ್ನುವ ಚರಕನು, ಅದಕ್ಕೆ ಹೇಳುವ ಉಪಚಾರಗಳಲ್ಲಿ ನಿದ್ದೆಯನ್ನೂ ಮನಸ್ಸಿಗೆ ಹಿತವಾದ ಕಥೆಗಳನ್ನೂ ಸೇರಿಸಿದ್ದಾನೆ. ಇಂದಿನ ವೈದ್ಯವು ಈ ರೋಗಗಳ ಪಟ್ಟಿಯನ್ನು ಹೀಗೆಯೇ ಒಪ್ಪಬೇಕೆಂದಿಲ್ಲ. ಆದರೆ ನುಂಗಿದ ದುಃಖವು ದೇಹವನ್ನು ತಿನ್ನುತ್ತದೆಂಬುದರಲ್ಲಿ ಹಳಬರಿಗೂ ಹೊಸಬರಿಗೂ ಭಿನ್ನಾಭಿಪ್ರಾಯವಿಲ್ಲ. ಅಳುವ ಹುಡುಗನಿಗೆ ‘ಹೆಣ್ಣಿನಂತೆ ಅಳಬೇಡ’ ಎಂದು ಗದರುವ ಹಿರಿಯರು ಇದನ್ನು ಯೋಚಿಸಬೇಕು. ಮನೆಬಿಟ್ಟು ವಿದ್ಯಾರ್ಥಿನಿಲಯಕ್ಕೆ ಬಂದ ಹತ್ತು ವರ್ಷದ ಬಾಲಕನು ಮೊದಲ ವಾರ ರಾತ್ರಿ ಹೊದಿಕೆಯೊಳಗೆ ಅಳುತ್ತಾನೆ. ಅವನ ಪಕ್ಕದಲ್ಲಿ ಕುಳಿತು ಊರಿನ ಸಮಾಚಾರ ಕೇಳುವ ಒಬ್ಬ ಗುರುವಿದ್ದರೆ ಆ ಬಾಲಕನಿಗೆ ಅದೇ ಔಷಧ.

ತಡೆಯಬೇಕಾದ ವೇಗಗಳು

ಚರಕನ ಎರಡನೆಯ ಪಟ್ಟಿ ಮನಸ್ಸಿಗೂ ಮಾತಿಗೂ ದೇಹದ ದುಷ್ಕೃತ್ಯಗಳಿಗೂ ಸೇರಿದ್ದು. ಮನಸ್ಸಿನಲ್ಲಿ ಲೋಭ, ಶೋಕ, ಭಯ, ಕ್ರೋಧ, ಈರ್ಷ್ಯೆ ಮುಂತಾದವನ್ನು ತಡೆಯಬೇಕು. ಮಾತಿನಲ್ಲಿ ಕಟುನುಡಿ, ಅತಿನುಡಿ, ಚಾಡಿ, ಸುಳ್ಳು, ಹೊತ್ತಲ್ಲದ ಹೊತ್ತಿನ ನುಡಿ ಇವುಗಳನ್ನು ತಡೆಯಬೇಕು. ಕಣ್ಣೀರನ್ನು ತಡೆಯಬಾರದೆಂದವನೇ ಶೋಕವನ್ನು ತಡೆಯಬೇಕೆನ್ನುವುದು ವಿರೋಧವೆಂದು ತೋರಬಹುದು. ವಿಚಾರಿಸಿದರೆ ವಿರೋಧವಿಲ್ಲ. ಕಣ್ಣೀರು ಹರಿದು ಹೋಗತಕ್ಕದ್ದು. ಶೋಕವು ಮನೆಮಾಡಿಕೊಂಡು ನಿಲ್ಲಬಾರದು. ಹರಿಯಬೇಕಾದದ್ದನ್ನು ಕಟ್ಟಿದರೇ ಅದು ನಿಲ್ಲುವಂತಾಗುತ್ತದೆ.

ಗಾದೆಯ ಉತ್ತರಾರ್ಧ ಇಲ್ಲಿ ಸಾರ್ಥಕವಾಗುತ್ತದೆ. ಕಡಿಮೆ ಅಂಕ ಪಡೆದ ಹುಡುಗನನ್ನು ತರಗತಿಯ ಎದುರಿಗೆ ನಿಲ್ಲಿಸಿ, ಅವನ ಅಣ್ಣನೊಡನೆಯೋ ಪಕ್ಕದ ಮನೆಯ ಹುಡುಗನೊಡನೆಯೋ ಹೋಲಿಸಿ ಆಡುವ ಮಾತು ಕಟುವೂ ಹೌದು, ಹೊತ್ತಲ್ಲದ ಹೊತ್ತಿನದೂ ಹೌದು. ಆಡಿದವರು ಸಂಜೆಗೆ ಮರೆಯುತ್ತಾರೆ, ಕೇಳಿದವನು ಮರೆಯುವುದಿಲ್ಲ. ಪರೀಕ್ಷೆಯ ಫಲಿತಾಂಶ ಬಂದ ದಿನ ಪತ್ರಿಕೆಗಳಲ್ಲಿ ಮೊದಲಿಗರ ಭಾವಚಿತ್ರಗಳು ಬರುತ್ತವೆ. ಆ ದಿನ ಗುರುವಿನ ಕಣ್ಣು ಇರಬೇಕಾದದ್ದು ಚಿತ್ರದಲ್ಲಿ ಇಲ್ಲದವರ ಮೇಲೆ. ಮಾತು ಬಿಟ್ಟ ಹುಡುಗ, ಊಟ ಬಿಟ್ಟ ಹುಡುಗಿ, ಮೆಚ್ಚಿನ ಪುಸ್ತಕವನ್ನೋ ಚೆಂಡನ್ನೋ ಕರೆದು ಕರೆದು ಇತರರಿಗೆ ಕೊಟ್ಟುಬಿಡುವ ಮಗು, ಇವರನ್ನು ಗುರುತಿಸಿ ಮಾತನಾಡಿಸುವುದು ಪಾಠ ಮುಗಿಸುವುದಕ್ಕಿಂತ ತುರ್ತಿನ ಕೆಲಸ.

ಸಂಕೋಚದ ಗೋಡೆ

ಒಳ್ಳೆಯ ಅಭ್ಯಾಸಗಳಿಂದ ಎಲ್ಲವೂ ಗುಣವಾಗುವುದೆಂದು ಭಾವಿಸುವುದು ತಪ್ಪು. ಮುರಿದ ಮೂಳೆಗೆ ವೈದ್ಯನು ಬೇಕಾದಂತೆ, ಕುಸಿದ ಮನಸ್ಸಿಗೂ ವೈದ್ಯನು ಬೇಕು. ಬೆಂಗಳೂರಿನಲ್ಲಿ ೧೮೪೭ರಷ್ಟು ಹಿಂದೆಯೇ ಮನೋರೋಗಿಗಳಿಗೆ ಆಶ್ರಯವೊಂದು ಏರ್ಪಟ್ಟಿತ್ತು. ಮೈಸೂರು ಸಂಸ್ಥಾನದ ಕಾಲದಲ್ಲಿ ೧೯೨೫ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆಯೆಂದು ಬದಲಾಯಿತು. ಮುಂದಿನ ದಶಕದಲ್ಲಿ ಅದು ಹೊಸೂರು ರಸ್ತೆಯ ವಿಶಾಲ ಆವರಣಕ್ಕೆ ಬಂತು. ೧೯೫೪ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. ೧೯೭೪ರ ಡಿಸೆಂಬರಿನಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಡಾ. ಎಂ.ವಿ. ಗೋವಿಂದಸ್ವಾಮಿಯವರಂಥ ವೈದ್ಯರು ಇಲ್ಲಿ ದುಡಿದರು. ನಗರದ ದಕ್ಷಿಣದ ಸಕಲವಾರ ಗ್ರಾಮದಲ್ಲಿ ೧೯೭೦ರ ದಶಕದಲ್ಲಿ ತೆರೆದ ಕೇಂದ್ರದಿಂದ ಹಳ್ಳಿಗಳಿಗೂ ಮಾನಸಿಕ ಚಿಕಿತ್ಸೆ ತಲುಪುವ ದಾರಿ ತೋರಿತು. ಬಿ.ಟಿ.ಎಂ. ಬಡಾವಣೆಯಲ್ಲಿ ಈ ಸಂಸ್ಥೆಯ ಕ್ಷೇಮಕೇಂದ್ರವೊಂದು ಆಸ್ಪತ್ರೆಯ ಆವರಣದ ಹೊರಗೆ, ಮನೆಗಳ ನಡುವೆಯೇ ಸ್ಥಾಪಿತವಾಯಿತು.

ದೇಶದ ನಾನಾ ಭಾಗಗಳ ಜನ ರೈಲು ಹತ್ತಿ ಬರುವ ಸಂಸ್ಥೆ ಹೀಗೆ ಈ ಬಡಾವಣೆಗಳ ನೆರೆಯಲ್ಲೇ ಇದೆ. ಆದರೂ ನೆರೆಯವರಿಗೆ ಸಂಕೋಚ. ನಿಮ್ಹಾನ್ಸ್ ಸಂಸ್ಥೆಯೇ ೨೦೧೫-೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇಕಡಾ ೧೦.೬ ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿತ್ತು. ಚಿಕಿತ್ಸೆ ಪಡೆಯದವರ ಪ್ರಮಾಣವು ಆಯಾ ರೋಗಕ್ಕೆ ತಕ್ಕಂತೆ ಶೇಕಡಾ ೭೦ರಿಂದ ೯೨ರವರೆಗೆ ಇತ್ತು. ಇದಕ್ಕೆ ವೈದ್ಯರ ಕೊರತೆ ಒಂದು ಕಾರಣ. ನಾಲಿಗೆ ಇನ್ನೊಂದು ಕಾರಣ. ಬೆಂಗಳೂರಿನ ಆಡುಮಾತಿನಲ್ಲಿ ಆ ಸಂಸ್ಥೆಯ ಹೆಸರನ್ನೇ ಹಾಸ್ಯಕ್ಕೆ ಬಳಸುವುದುಂಟು. ಜೊತೆಯವನನ್ನು ಹೀಗೆ ಹಾಸ್ಯ ಮಾಡುವ ತರಗತಿಯಲ್ಲಿ, ನಿಜವಾಗಿ ನೊಂದ ಮಗುವು ತನ್ನ ನೋವನ್ನು ಬಾಯಿಬಿಟ್ಟು ಹೇಳಲಾರದು. ಈ ಹಾಸ್ಯವನ್ನು ಅಲ್ಲಿಯೇ ತಡೆಯುವುದು ಭಾಷೆಯ ಪಾಠವೂ ಆರೋಗ್ಯದ ಪಾಠವೂ ಆಗುತ್ತದೆ. ೨೦೨೨ರ ಅಕ್ಟೋಬರ್ ೧೦ರಂದು ಭಾರತ ಸರ್ಕಾರವು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯನ್ನು ೧೪೪೧೬ ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿಯೇ ಪಡೆಯಬಹುದು. ಈ ಐದು ಅಂಕೆಗಳು ಪ್ರತಿ ಶಾಲೆಯ ಫಲಕದ ಮೇಲೆ, ಪ್ರತಿ ವಿದ್ಯಾರ್ಥಿನಿಲಯದ ಗೋಡೆಯ ಮೇಲೆ ಇರತಕ್ಕವು.

ಬಲ್ಲವನು ಎಂದರೆ ಬಹಳ ಓದಿದವನೆಂದಲ್ಲ. ಹೊತ್ತಿಗೆ ಮಲಗಿ ಹೊತ್ತಿಗೆ ಎದ್ದು, ಹಿತವಾಗಿ ಉಂಡು, ನಾಲ್ಕು ಹೆಜ್ಜೆ ನಡೆದು, ನೋವು ಬಂದಾಗ ಅತ್ತು, ಸಿಟ್ಟು ಬಂದಾಗ ತಾಳಿ, ಎದುರಿಗಿರುವವನ ಮುಖ ನೋಡಿ ಮಾತನಾಡುವವನೇ ಬಲ್ಲವನು. ಇವುಗಳಲ್ಲಿ ಯಾವುದಕ್ಕೂ ಹಣ ಬೇಕಿಲ್ಲ. ಶಾಲೆಯು ಮಕ್ಕಳಿಗೆ ಅಕ್ಷರದೊಡನೆ ಈ ಬಲ್ಮೆಯನ್ನೂ ಕೊಟ್ಟು ಕಳುಹಿಸಿದರೆ, ಅವರು ಹೋದ ಊರಿನಲ್ಲಿ ಆರೋಗ್ಯವೂ ನೆಮ್ಮದಿಯೂ ನೆಲೆಸುತ್ತವೆ.