ಕಣ್ಣಿಗೂ ಬೇಕು ಸಂಸ್ಕಾರ

ಕಣ್ಣಿದ್ದವರೆಲ್ಲ ನೋಡುತ್ತಾರೆಂದು ಹೇಳಲಾಗದು. ನೋಡುವುದಕ್ಕೂ ಅಭ್ಯಾಸ ಬೇಕು. ಎಡಗೈಯ ಅಂಗೈ ಮೇಲೆ ಇಷ್ಟಲಿಂಗವನ್ನಿಟ್ಟು, ಎವೆಯಿಕ್ಕದೆ ದೃಷ್ಟಿ ನಿಲ್ಲಿಸುವುದು ನಮ್ಮ ಪೂಜೆಯ ಕ್ರಮ. ಚಂಚಲವಾದ ಮನಸ್ಸನ್ನು ಕಣ್ಣಿನ ಮೂಲಕ ಕಟ್ಟಿಹಾಕುವ ಸಾಧನೆ ಅದು. ಚಿತ್ರ ಬರೆಯಲು ಕುಳಿತ ಬಾಲಕನೂ ಒಂದು ಎಲೆಯನ್ನೋ ಬಿಂದಿಗೆಯನ್ನೋ ಎದುರಿಗಿಟ್ಟುಕೊಂಡು ಹೀಗೆಯೇ ನೋಡುತ್ತಾನೆ. ಒಂದು ಭಕ್ತಿಮಾರ್ಗ, ಇನ್ನೊಂದು ವಿದ್ಯೆ. ಏಕಾಗ್ರತೆ ಮಾತ್ರ ಎರಡಕ್ಕೂ ಬೇಕು.

ಆದರೆ ನಮ್ಮ ಪ್ರೌಢಶಾಲೆಗಳಲ್ಲಿ ನಡೆಯುತ್ತಿರುವುದೇನು? ಎಸ್.ಎಸ್.ಎಲ್.ಸಿ. ಅಂಕಗಳ ಲೆಕ್ಕದಲ್ಲಿ ಚಿತ್ರಕಲೆ ಇಲ್ಲ. ಆದ್ದರಿಂದ ಹತ್ತನೆಯ ತರಗತಿ ಬಂತೆಂದರೆ ಡ್ರಾಯಿಂಗ್ ಪೀರಿಯಡ್ಡು ಗಣಿತಕ್ಕೋ ವಿಜ್ಞಾನಕ್ಕೋ ಹೋಗುತ್ತದೆ. ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದರೆ ಆ ಜಾಗ ಖಾಲಿಯೇ ಉಳಿಯುವುದುಂಟು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಹತ್ತನೆಯ ತರಗತಿಯವರೆಗೆ ಕಲೆಯನ್ನು ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತು. ಮಾತು ಕಾಗದದಲ್ಲಿದೆ, ಶಾಲೆಯ ವೇಳಾಪಟ್ಟಿಗೆ ಇನ್ನೂ ಪೂರ್ತಿಯಾಗಿ ಇಳಿದಿಲ್ಲ.

ಧರ್ಮಸಂಸ್ಥೆಗಳ ಶಾಲೆಗಳಲ್ಲಿ ಮತ್ತೊಂದು ಸಂಶಯವೂ ಕೇಳಿಬರುತ್ತದೆ. ನಿರಾಕಾರನನ್ನು ನಂಬಿದವರಿಗೆ ಚಿತ್ರದ ಹಂಗೇಕೆ ಎನ್ನುವವರಿದ್ದಾರೆ. ಹಿರಿಯರು ಒಂದು ವಿಚಾರವನ್ನು ಗಮನಿಸಬೇಕು. ಹನ್ನೆರಡನೆಯ ಶತಮಾನದ ಬಸವಣ್ಣನವರನ್ನು ಕಂಡು ಬರೆದ ಚಿತ್ರ ನಮಗೆ ಉಳಿದು ಬಂದಿಲ್ಲ. ಇಂದು ನಮ್ಮ ಮನೆಗಳ ಗೋಡೆಯ ಮೇಲಿರುವ ರೂಪ, 2012ರಲ್ಲಿ ಬಸವಕಲ್ಯಾಣದಲ್ಲಿ ಎದ್ದುನಿಂತ 108 ಅಡಿಯ ಪ್ರತಿಮೆ, 2015ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಡದಲ್ಲಿ ಅನಾವರಣಗೊಂಡ ಪುತ್ಥಳಿ, ಇವೆಲ್ಲ ಕಲಾವಿದರ ಭಾವನೆಯಲ್ಲಿ ಮೂಡಿದವು. ಓದು ಬಾರದ ಅಜ್ಜಿಗೂ ಅಣ್ಣನವರ ಪರಿಚಯ ಮಾಡಿಕೊಟ್ಟದ್ದು ಚಿತ್ರಗಾರನ ಕೈ. ಪೂಜೆ ಲಿಂಗಕ್ಕೆ ಸಲ್ಲಲಿ, ಚಿತ್ರವು ನೆನಪನ್ನು ಕಾಯಲಿ.

ಶರಣರು ಕೈಕೆಲಸವನ್ನು ಎಂದೂ ಕೀಳಾಗಿ ಕಂಡವರಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಹರಳಯ್ಯನವರು ಪಾದರಕ್ಷೆ ಮಾಡಿದರು. ಕುಂಬಾರ ಗುಂಡಯ್ಯನವರು ಮಡಕೆ ತಟ್ಟಿದ ನಾದಕ್ಕೆ ಶಿವನೇ ಕುಣಿದನೆಂದು ಹರಿಹರ ಕವಿ ತನ್ನ ರಗಳೆಯಲ್ಲಿ ಹಾಡಿದ್ದಾನೆ. ಹೀಗಿರುವಾಗ ಜೇಡಿಮಣ್ಣಿನಲ್ಲಿ ಬಸವನನ್ನು ತಿದ್ದುವ ಹುಡುಗನಿಗೆ ‘ಇದು ಅನ್ನ ಕೊಡುತ್ತದೆಯೇ?’ ಎಂದು ಗದರಿಸುವುದು ನಮಗೆ ಶೋಭಿಸದು.

ಅನ್ನದ ಮಾತನ್ನೂ ನಾವು ಮರೆಯುವಂತಿಲ್ಲ. ಹಿಂದೂಪುರದ ಬಳಿಯ ಲೇಪಾಕ್ಷಿಯಲ್ಲಿ ವೀರಭದ್ರಸ್ವಾಮಿಯ ಗುಡಿಯಿದೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರದ ಕಾಲದ ಚಿತ್ರಗಾರರು ಅದರ ಛಾವಣಿಯ ಮೇಲೆ ಶಿವನ ಕಥೆಗಳನ್ನು ಬಣ್ಣದಲ್ಲಿ ಬರೆದರು. ಅಲ್ಲಿನ ಕಂಬಗಳ ಬಳ್ಳಿ, ಹಂಸ, ಹೂವಿನ ವಿನ್ಯಾಸಗಳು ಇಂದಿಗೂ ಸೀರೆಯ ಅಂಚಿನಲ್ಲಿ ಬದುಕಿವೆ. ಯಲಹಂಕದಿಂದ ಅನತಿ ದೂರದ ದೊಡ್ಡಬಳ್ಳಾಪುರ ನೇಕಾರರ ಊರು. ಸೀರೆ ಮಗ್ಗದ ಮೇಲೆ ಬರುವುದಕ್ಕೆ ಮೊದಲು ಅದರ ಹೂವು ಕಾಗದದ ಮೇಲೆ ಮೂಡಬೇಕು. ಯಲಹಂಕದಲ್ಲಿಯೇ 1996ರಲ್ಲಿ ಸೃಷ್ಟಿ ಕಲಾ ವಿನ್ಯಾಸ ಶಾಲೆ ಆರಂಭವಾಯಿತು. ಅಂಥ ಸಂಸ್ಥೆಯ ಗೇಟಿನ ಮುಂದೆ ದಿನವೂ ಬಸ್ಸಿನಲ್ಲಿ ಹಾದುಹೋಗುವ ಹಳ್ಳಿಯ ಮಗುವಿಗೆ, ಪ್ರೌಢಶಾಲೆಯಲ್ಲಿ ಪೆನ್ಸಿಲ್ಲನ್ನೇ ಹಿಡಿಸದಿದ್ದರೆ, ಆ ಬಾಗಿಲು ತನಗೂ ತೆರೆದೀತೆಂಬ ಆಸೆ ಹುಟ್ಟುವುದಾದರೂ ಹೇಗೆ? ಉಳ್ಳವರ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಸುತ್ತಾರೆ. ಮಠದ ಪ್ರಸಾದನಿಲಯದ ಮಗುವಿಗೆ ಶಾಲೆಯೊಂದೇ ಗತಿ.

ಮಾಡಬೇಕಾದುದು ದೊಡ್ಡದೇನಲ್ಲ. ವಾರಕ್ಕೆ ಒಂದು ಅವಧಿಯನ್ನಾದರೂ ಯಾರೂ ಕಸಿಯದಂತೆ ಕಾಯಬೇಕು. ಆಸಕ್ತಿಯುಳ್ಳ ಮಕ್ಕಳನ್ನು ಸರ್ಕಾರದ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳಿಗೆ ಕೂರಿಸಬೇಕು. ಹೆಬ್ಬಾಳದಲ್ಲಿ ಕಿಟ್ಟಯ್ಯನ ವೀರಗಲ್ಲಿದೆ. ಸುಮಾರು ಕ್ರಿ.ಶ. 750ರ ಆ ಕಲ್ಲು ಬೆಂಗಳೂರು ಸುತ್ತಿನ ಅತಿ ಹಳೆಯ ಕನ್ನಡ ಶಾಸನಗಳಲ್ಲಿ ಒಂದು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಅಕ್ಷರವನ್ನೂ ವೀರನ ರೂಪವನ್ನೂ ನೋಡಿ ಬರೆಯಿರೆಂದರೆ ಚರಿತ್ರೆಯೂ ಚಿತ್ರವೂ ಒಟ್ಟಿಗೆ ಕಲಿತಂತಾಗುತ್ತದೆ. ಸಿದ್ಧಗಂಗೆಯ ಜಾತ್ರೆಯಲ್ಲಿ ವಸ್ತುಪ್ರದರ್ಶನ, ಸುತ್ತೂರಿನ ಜಾತ್ರೆಯಲ್ಲಿ ಚಿತ್ರಕಲಾ ಸ್ಪರ್ಧೆ ನಡೆಯುವುದನ್ನು ಭಕ್ತರು ಬಲ್ಲರು. ನಮ್ಮ ಊರಿನ ಜಾತ್ರೆಯಲ್ಲೂ ಮಕ್ಕಳ ಚಿತ್ರಗಳಿಗೆ ಒಂದು ಚಪ್ಪರ ಹಾಕಿಸಬಹುದು.

ದಾನಿಗಳು ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸುವುದನ್ನು ಕಾಣುತ್ತೇವೆ. ಅದೂ ಸೇವೆಯೇ. ಈ ವರ್ಷ ಅದರ ಜೊತೆಗೆ ಶಾಲೆಗೆ ಒಂದಿಷ್ಟು ಬಣ್ಣದ ಪೆಟ್ಟಿಗೆ, ಡ್ರಾಯಿಂಗ್ ಹಾಳೆ ಕೊಡಿಸಿ. ಖಾಲಿಯಿರುವ ಮೇಷ್ಟ್ರ ಜಾಗಕ್ಕೆ ಗೌರವಧನದ ಏರ್ಪಾಡು ಮಾಡಿ. ಮೊಮ್ಮಗ ಚಿತ್ರ ಬರೆದು ತಂದಾಗ ಕನ್ನಡಕ ಹಾಕಿಕೊಂಡು ನಿಧಾನವಾಗಿ ನೋಡಿ, ‘ಇದೇನು ಮಗು?’ ಎಂದು ಕೇಳಿ. ಹಿರಿಯರು ಹಾಗೆ ಕೇಳಿದರೆ ಆ ಮಗು ನಾಳೆಯೂ ಬರೆಯುತ್ತದೆ.